ಎವೆಯಿಕ್ಕದ ಕಣ್ಣು

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ಕನ್ನಡ ಪಂಡಿತನೊಬ್ಬನು ಕಣ್ಣಿನ ವ್ಯಾಧಿಯನ್ನು ಕುರಿತು ಬರೆಯಹೊರಟರೆ ಅದು ಅನಧಿಕಾರ ಚೇಷ್ಟೆಯೆಂದು ವಾಚಕರಿಗೆ ತೋರಬಹುದು. ಸಂಪಾದಕ ಮಂಡಲಿಯವರು ನನ್ನಿಂದ ನಿರೀಕ್ಷಿಸಿದ್ದುದು ಹಳಗನ್ನಡ ಕಾವ್ಯವನ್ನು ಕುರಿತ ಬರಹವನ್ನು. ಆದರೆ ಕಳೆದ ವರ್ಷ ಒಂದು ದಿನ ಹತ್ತನೆಯ ತರಗತಿಯಲ್ಲಿ ಮಹಾಭಾರತದ ನಳೋಪಾಖ್ಯಾನವನ್ನು ಹೇಳುತ್ತಿದ್ದೆ. ಸ್ವಯಂವರ ಮಂಟಪದಲ್ಲಿ ದೇವತೆಗಳು ನಳನ ರೂಪವನ್ನೇ ತಾಳಿ ಕುಳಿತಾಗ ದಮಯಂತಿಯು ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ದೇವತೆಗಳ ಮೈ ಬೆವರುವುದಿಲ್ಲ, ಮಾಲೆ ಬಾಡುವುದಿಲ್ಲ, ಪಾದ ನೆಲವನ್ನು ಮುಟ್ಟುವುದಿಲ್ಲ, ಕಣ್ಣು ಎವೆಯಿಕ್ಕುವುದಿಲ್ಲ. ನಳನಾದರೋ ಮನುಷ್ಯ, ಅವನು ಎವೆಯಿಕ್ಕುತ್ತಿದ್ದನು. ಆದುದರಿಂದಲೇ ದೇವತೆಗಳಿಗೆ ಅನಿಮಿಷರೆಂದು ಹೆಸರು ಎಂದು ವಿವರಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಎವೆ ಬಡಿಯದಿದ್ದರ ಅವರ ಕಣ್ಣು ಉರಿಯಂಗಿಲ್ಲೇನ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ಅಮೃತ ಕುಡಿದವರಿಗೆ ಉರಿ ಎಲ್ಲಿಯದಮ್ಮ ಎಂದು ಹೇಳಿ ಮುಂದೆ ಸಾಗಿದೆ. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಎವೆಯಿಕ್ಕದ ಕಣ್ಣೊಂದನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ. ಅದನ್ನು ಕಂಡೂ ಹೀಗೆಯೇ ನಕ್ಕಿದ್ದೆ.

1984ರ ಮಾತು. ಆಗ ನಾನು ಬೇರೊಂದು ಊರಿನ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದೆ. ದೊಡ್ಡ ಪಡಸಾಲೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವ ಪದ್ಧತಿ. ನನ್ನ ಪಕ್ಕದ ಚಾಪೆಯ ಸಹಪಾಠಿಯ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನವರೆಗೆ, ಮೈಬಣ್ಣಕ್ಕಿಂತ ತುಸು ತಿಳಿಯಾದ ಒಂದು ಮಚ್ಚೆಯಿತ್ತು. ಜಂತುವಿನ ಮಚ್ಚೆ ಎಂದು ಎಲ್ಲರೂ ಹೇಳುತ್ತಿದ್ದರು. ದಸರೆಯ ನಂತರ ಆ ಮಚ್ಚೆ ಕೆಂಪಗೆ ಊದಿಕೊಂಡು ಬಿಸಿಯಾಯಿತು. ಕೆಲವು ವಾರಗಳಲ್ಲಿ ಊತ ಇಳಿದೂ ಹೋಯಿತು. ಅಂದಿನಿಂದ ಅವನು ನಿದ್ರಿಸುವಾಗ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ರೆಪ್ಪೆಗಳ ನಡುವೆ ಜೋಳದ ಕಾಳಿನಷ್ಟು ಸಂದು ಉಳಿದು, ಕಂದೀಲಿನ ಬೆಳಕಿನಲ್ಲಿ ಬಿಳಿಗುಡ್ಡೆ ಹೊಳೆಯುತ್ತಿತ್ತು. ಹುಡುಗರು ಅವನಿಗೆ ‘ಕಾವಲುಗಾರ’ ಎಂದು ಹೆಸರಿಟ್ಟರು. ಹಿರಿಯರು ಮುಖಕ್ಕೆ ವಾಯು ಬಡಿದಿದೆ ಎಂದರು. ಆದರೆ ಬಾಯಿ ಸೊಟ್ಟಗಾಗಿರಲಿಲ್ಲ, ನಗು ನೆಟ್ಟಗೇ ಇತ್ತು. ಕೆಟ್ಟದ್ದು ರೆಪ್ಪೆ ಮಾತ್ರ. ಇದನ್ನು ಯಾರೂ ಯೋಚಿಸಲಿಲ್ಲ.

ಶಿವರಾತ್ರಿಯ ರಜೆಗೆ ಅವನು ಊರಿಗೆ ಹೋದಾಗ ಕಣದಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ತೂರುವಾಗ ಹಾರಿದ ಹೊಟ್ಟಿನ ಚೂರೊಂದು ಆ ಕಣ್ಣಿಗೆ ಬಿದ್ದಿತು. ಅವನಿಗೆ ಗೊತ್ತಾಗಲೇ ಇಲ್ಲ. ನಾಲ್ಕು ದಿನಗಳ ಮೇಲೆ ಅವನ ತಾಯಿ, “ಕಣ್ಣಾಗ ಬೆಳ್ಳಗೇನೋ ಕಾಣಸ್ತೈತಿ, ನೂಸಂಗಿಲ್ಲೇನೋ?” ಎಂದು ಕೇಳಿದಳಂತೆ. ನೋವಿಲ್ಲ ಎಂದನು. ನಿಜವಾಗಿಯೂ ನೋವಿರಲಿಲ್ಲ. ತಿಂಗಳೊಳಗೆ ಕಣ್ಣಿಗೆ ಹೂ ಬಿದ್ದು ದೃಷ್ಟಿ ಹೋಯಿತು. ಒಂದು ವರ್ಷದ ತರುವಾಯ ಅವನ ಕಿರುಬೆರಳು ಮರಗಟ್ಟಿ ಮಡಚಿಕೊಂಡಾಗ ವೈದ್ಯರೊಬ್ಬರು ಇದು ಕುಷ್ಠರೋಗವೆಂದು ಗುರುತಿಸಿದರು.

ಈ ಲೇಖನದ ವೈದ್ಯಕ ಭಾಗವನ್ನು, ವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಓದಿ ತಿದ್ದಿದ್ದಾರೆ. ನನ್ನದು ಪದಗಳ ಜವಾಬ್ದಾರಿ ಮಾತ್ರ.

‘ಕುಷ್ಠ’ ಎಂಬುದು ಬಹು ಹಳೆಯ ಪದ. ಪ್ರಾಚೀನರು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಹೇಳಿ, ಚರ್ಮದ ನಾನಾ ವ್ಯಾಧಿಗಳನ್ನು ಆ ಒಂದೇ ಹೆಸರಿನಡಿ ಸೇರಿಸಿದ್ದರು. ಸುಶ್ರುತ ಸಂಹಿತೆಯ ನಿದಾನಸ್ಥಾನದ ಐದನೆಯ ಅಧ್ಯಾಯವು ಕುಷ್ಠವನ್ನು ಕುರಿತದ್ದು. ಅದರ ಕೊನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳನ್ನು ಹೆಸರಿಸುವಾಗ ಆಚಾರ್ಯನು ಕುಷ್ಠ, ಜ್ವರ, ಶೋಷಗಳ ಜೊತೆಗೆ ಕಣ್ಣುಬೇನೆಯಾದ ನೇತ್ರಾಭಿಷ್ಯಂದವನ್ನೂ ಹೇಳಿದ್ದಾನೆ. ಕುಷ್ಠದ ಪಕ್ಕದಲ್ಲಿ ಕಣ್ಣು ಬಂದುದು ಅಲ್ಲಿ ಆಕಸ್ಮಿಕವಾಗಿರಬಹುದು. ಆದರೂ ಓದುವಾಗ ನಾನು ಒಂದು ಗಳಿಗೆ ನಿಂತೆ. ಇಂದು ವೈದ್ಯರು ಕುಷ್ಠವೆನ್ನುವುದು ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾದಿಂದ ಬರುವ ರೋಗವನ್ನು ಮಾತ್ರ. ತೊನ್ನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನಿನ ಬಿಳುಪಿನಲ್ಲಿ ಸ್ಪರ್ಶಜ್ಞಾನ ಪೂರ್ಣವಾಗಿರುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಎಷ್ಟು ಹೆಣ್ಣುಮಕ್ಕಳ ಮದುವೆಗಳು ಮುರಿದಿವೆಯೋ ಲೆಕ್ಕವಿಟ್ಟವರಿಲ್ಲ.

ಆ ರೋಗಾಣುವನ್ನು 1873ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ ಎಂಬ ವೈದ್ಯನು ಸೂಕ್ಷ್ಮದರ್ಶಕದಲ್ಲಿ ಕಂಡನು. ಮನುಷ್ಯರೋಗವೊಂದರ ಕಾರಣವೆಂದು ಮೊತ್ತಮೊದಲು ಗುರುತಿಸಲಾದ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು. ತನ್ನ ಮತವನ್ನು ಸಾಧಿಸುವ ಆತುರದಲ್ಲಿ ಆತನು 1879ರಲ್ಲಿ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಆಕೆಯ ಒಪ್ಪಿಗೆಯಿಲ್ಲದೆ, ಇನ್ನೊಬ್ಬ ರೋಗಿಯ ಗಂಟಿನಿಂದ ತೆಗೆದ ದ್ರವ್ಯವನ್ನು ಚುಚ್ಚಿದನು. ಆಕೆ ದೂರು ಕೊಟ್ಟಳು. 1880ರಲ್ಲಿ ನ್ಯಾಯಾಲಯವು ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆದುಹಾಕಿತು. ಇಂದಿಗೂ ರೋಗವನ್ನು ಅವನ ಹೆಸರಿನಿಂದ ಹ್ಯಾನ್ಸನ್ ರೋಗವೆಂದು ಕರೆಯುವುದುಂಟು. ವಿದ್ಯೆಯೂ ಅವಿವೇಕವೂ ಒಬ್ಬನಲ್ಲೇ ಇರಬಹುದೆಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ದೊರೆಯುವುದು ಅಪರೂಪ.

ಈ ಬ್ಯಾಕ್ಟೀರಿಯಾ ಅತ್ಯಂತ ನಿಧಾನಿ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ದೇಹವನ್ನು ಸೇರಿದ ಮೇಲೆ ಚಿಹ್ನೆ ತೋರಲು ಸರಾಸರಿ 5 ವರ್ಷ. ಕೆಲವರಲ್ಲಿ 20 ವರ್ಷವೂ ಆಗಬಹುದು. ನೂರರಲ್ಲಿ ಸುಮಾರು ತೊಂಬತ್ತೈದು ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಇದಕ್ಕೆ ಪ್ರಿಯವಾದವು ದೇಹದ ತಂಪಾದ ಭಾಗಗಳು: ಚರ್ಮ, ಚರ್ಮಕ್ಕೆ ಸಮೀಪದ ನರಗಳು, ಕಿವಿಯ ಹಾಲೆ, ಮೂಗಿನ ಒಳಪೊರೆ ಮತ್ತು ಕಣ್ಣಿನ ಮುಂಭಾಗ. ಕಣ್ಣಿನ ಹಿಂಭಾಗ ಬಿಸಿಯಾಗಿರುವುದರಿಂದ ಅಲ್ಲಿಯ ಅಕ್ಷಿಪಟಲವನ್ನು ಇದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಇದು ನೆನಪಿನಲ್ಲಿಡಬೇಕಾದ ಸಂಗತಿ. ಈ ರೋಗದಲ್ಲಿ ಕುರುಡಾದ ಅನೇಕರ ಕಣ್ಣಿನ ಒಳಮನೆ ಕೆಟ್ಟಿರುವುದಿಲ್ಲ; ಮುಂಬಾಗಿಲು ಮಾತ್ರ ಮುಚ್ಚಿಹೋಗಿರುತ್ತದೆ.

ಇನ್ನು ಎವೆಯ ವಿಚಾರ. ‘ರೆಪ್ಪೆ ಕಣ್ಣನ್ನು ಕಾಯುವಂತೆ’ ಎಂದು ನಾವು ದಿನವೂ ಹೇಳುವ ಮಾತು ಉಪಮೆಯೆಂದು ನಾನು ತಿಳಿದಿದ್ದೆ. ಅದು ಉಪಮೆಯಲ್ಲ, ಶರೀರಶಾಸ್ತ್ರ. ಮನುಷ್ಯನು ನಿಮಿಷಕ್ಕೆ ಸುಮಾರು ಹದಿನೈದು ಸಲ ಎವೆಯಿಕ್ಕುತ್ತಾನೆ. ಪ್ರತಿ ಸಲವೂ ಮೇಲಿನ ರೆಪ್ಪೆಯು ಕಾರ್ನಿಯವೆಂಬ ಪಾರದರ್ಶಕ ಪಟಲದ ಮೇಲೆ ಕಣ್ಣೀರನ್ನು ತೆಳುವಾಗಿ ಸವರಿ, ಧೂಳನ್ನು ಒರೆಸಿ ಮೂಲೆಗೆ ತಳ್ಳುತ್ತದೆ. ಆ ಪಟಲದಲ್ಲಿ ರಕ್ತನಾಳಗಳಿಲ್ಲ. ಒಣಗಿದರೆ ಅದು ಬಿರಿಯುತ್ತದೆ, ಬಿರಿದಲ್ಲಿ ಬೇರೆ ರೋಗಾಣುಗಳು ಸೇರಿ ಹುಣ್ಣಾಗುತ್ತದೆ, ಹುಣ್ಣು ಮಾಯ್ದಲ್ಲಿ ಬಿಳಿಯ ಕಲೆ ಉಳಿಯುತ್ತದೆ. ಜನರು ಹೂ ಬೀಳುವುದು ಎನ್ನುವುದು ಇದನ್ನೇ.

ಎವೆಯಿಕ್ಕುವ ಕೆಲಸಕ್ಕೆ ಎರಡು ನರಗಳು ಬೇಕು. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಕಾರ್ನಿಯಕ್ಕೆ ಏನಾದರೂ ತಾಗಿದರೆ ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಏಳನೆಯದು ಮುಚ್ಚು ಎಂಬ ಆಜ್ಞೆಯನ್ನು ರೆಪ್ಪೆಯ ಸ್ನಾಯುವಿಗೆ ತರುತ್ತದೆ. ಏಳನೆಯ ನರದ ಕವಲುಗಳು ಕೆನ್ನೆಯೆಲುಬಿನ ಮೇಲೆ ಚರ್ಮಕ್ಕೆ ತೀರ ಹತ್ತಿರ ಹಾಯ್ದುಹೋಗುತ್ತವೆ. ಕೆನ್ನೆಯ ಮೇಲೆ ಕುಷ್ಠದ ಮಚ್ಚೆಯಿದ್ದು, ಅದು ಒಮ್ಮೆಗೇ ಕೆಂಪೇರಿ ಊದಿಕೊಂಡರೆ ಆ ಕವಲುಗಳು ಊತದಲ್ಲಿ ಸಿಕ್ಕಿ ನಲುಗುತ್ತವೆ. ಹೀಗೆ ಊದಿಕೊಳ್ಳುವುದಕ್ಕೆ ರೋಗಾಣುವಿನ ಹೆಚ್ಚಳ ಕಾರಣವಲ್ಲ. ದೇಹದ ರಕ್ಷಣಶಕ್ತಿ ಹಠಾತ್ತನೆ ಕೆರಳಿ ಕಾದಾಟಕ್ಕೆ ನಿಲ್ಲುವುದೇ ಕಾರಣ. ಕಾವಲಿನ ಪಡೆಯಿಂದಲೇ ಊರು ಸುಟ್ಟಂತೆ. ನರದ ಎಲ್ಲ ಕವಲುಗಳೂ ಕೆಡದೆ ಕಣ್ಣಿನ ಕವಲು ಮಾತ್ರ ಕೆಡಬಹುದಾದ್ದರಿಂದ ಬಾಯಿ ಸೊಟ್ಟಗಾಗದೆ ರೆಪ್ಪೆಯೊಂದೇ ಸೋಲುತ್ತದೆ. ನನ್ನ ಸಹಪಾಠಿಗೆ ಆದುದು ಅಕ್ಷರಶಃ ಇದೇ.

ಇಷ್ಟೇ ಆಗಿದ್ದರೆ ಕಣ್ಣು ಉರಿಯುತ್ತಿತ್ತು, ಅವನು ಕೂಗಿಕೊಳ್ಳುತ್ತಿದ್ದ, ಯಾರಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಐದನೆಯ ನರವೂ ಮಂಕಾಗಿದ್ದುದರಿಂದ ಸುದ್ದಿಯೇ ಹೋಗಲಿಲ್ಲ. ನಾವು ನೋವನ್ನು ಶತ್ರುವೆಂದು ಬಗೆಯುತ್ತೇವೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಡಾ. ಪಾಲ್ ಬ್ರಾಂಡ್ ಅವರು ದೀರ್ಘಕಾಲ ಪರಿಶೀಲಿಸಿ ತೋರಿಸಿಕೊಟ್ಟದ್ದು ಇದನ್ನೇ: ರೋಗಿಯ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದ ಕಾರಣ ಸುಟ್ಟು, ಕೊಯ್ದು, ಗಾಯವಾಗಿ ಸವೆಯುತ್ತವೆ. ಅವರ ಪತ್ನಿ ಡಾ. ಮಾರ್ಗರೆಟ್ ಬ್ರಾಂಡ್ ಅವರು ವೆಲ್ಲೂರು ಮತ್ತು ಸಮೀಪದ ಕರಿಗಿರಿಯಲ್ಲಿ ಇಂತಹ ರೋಗಿಗಳ ಕಣ್ಣಿನ ಆರೈಕೆಗೆ ತಮ್ಮನ್ನು ಮೀಸಲಾಗಿಟ್ಟು, ಮುಂದೆ ಅಮೆರಿಕೆಯ ಕಾರ್ವಿಲ್‌ನಲ್ಲಿಯೂ ಅದೇ ಕೆಲಸವನ್ನು ಮುಂದುವರಿಸಿದರು. ಗಂಡನ ಹೆಸರು ಬಲ್ಲವರು ಬಹಳ, ಹೆಂಡತಿಯ ಹೆಸರು ಬಲ್ಲವರು ಕಡಿಮೆ.

ರೆಪ್ಪೆಯ ಸೋಲಿಗಿಂತಲೂ ಗುಪ್ತವಾದ ಇನ್ನೊಂದು ಕೇಡಿದೆ. ದೇಹದಲ್ಲಿ ರೋಗಾಣುಗಳು ಹೇರಳವಾಗಿರುವ ರೋಗಿಗಳಲ್ಲಿ ಅವು ಕಾರ್ನಿಯದ ಹಿಂದಿರುವ ಐರಿಸ್ ಎಂಬ ಬಣ್ಣದ ಪರದೆಯನ್ನು ಸೇರುತ್ತವೆ. ಕೆಲವರಿಗೆ ಇದು ಒಮ್ಮೆಲೇ ಉಲ್ಬಣಿಸಿ ಕಣ್ಣು ಕೆಂಪಾಗಿ, ಬೆಳಕನ್ನು ನೋಡಲಾಗದಷ್ಟು ನೋಯುತ್ತದೆ. ಸಾಮಾನ್ಯ ಕಣ್ಣುಬೇನೆಯಲ್ಲಿ ಪಿಸುರು ಬರುತ್ತದೆ. ಇದರಲ್ಲಿ ಪಿಸುರಿಲ್ಲ, ಕೆಂಪು ಕಪ್ಪುಗುಡ್ಡೆಯ ಸುತ್ತಲೇ ಹೆಚ್ಚು, ಪಾಪೆ ಕಿರಿದಾಗಿರುತ್ತದೆ. ಪಾಪೆಯನ್ನು ಹಿಗ್ಗಿಸುವ ಅಟ್ರೋಪಿನ್ ಮತ್ತು ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಹನಿಗಳನ್ನು ವೈದ್ಯರು ಕೂಡಲೇ ಕೊಟ್ಟರೆ ಕಣ್ಣು ಉಳಿಯುತ್ತದೆ. ಇನ್ನು ಕೆಲವರಲ್ಲಿ ಕೆಂಪೂ ಇಲ್ಲ, ನೋವೂ ಇಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಐರಿಸ್ ಸವೆದು, ಪಾಪೆ ಸೂಜಿಯ ಮೊನೆಯಷ್ಟಾಗಿ ನಿಂತುಬಿಡುತ್ತದೆ. ಐರಿಸ್ಸಿನ ಮೇಲೆ ಕೆಲವೊಮ್ಮೆ ಸಣ್ಣ ಬಿಳಿಯ ಮುತ್ತುಗಳಂತಹ ಕಣಗಳು ಕಾಣುತ್ತವೆ. ಅವನ್ನು ಕಂಡ ನೇತ್ರತಜ್ಞರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅಷ್ಟು ಚಿಕ್ಕ ಕಿಂಡಿಯ ಹಿಂದೆ ವಯಸ್ಸಿನ ಪೊರೆ ಅಲ್ಪಸ್ವಲ್ಪ ಬಂದರೂ ದೃಷ್ಟಿ ಪೂರ್ತಿ ಮುಚ್ಚಿದಂತೆಯೇ. ಹುಬ್ಬು ಉದುರುವುದು, ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಕೆರೆಯುವುದು ಮೊದಲಾದವೂ ಉಂಟು.

ಇತರ ಕುರುಡರಿಗೂ ಈ ರೋಗದಿಂದ ಕುರುಡಾದವರಿಗೂ ಇರುವ ಅಂತರವನ್ನು ನಾನು ಪುಸ್ತಕದಿಂದ ತಿಳಿದವನಲ್ಲ. ದೃಷ್ಟಿಯಿಲ್ಲದವನು ಬೆರಳಿನಿಂದ ಲೋಕವನ್ನು ಅರಿಯುತ್ತಾನೆ, ಬ್ರೈಲ್ ಓದುತ್ತಾನೆ. ಬೆರಳು ಮರಗಟ್ಟಿದವನು ಕಣ್ಣಿನಿಂದ ತನ್ನ ಕೈಯನ್ನು ಕಾಯುತ್ತಾನೆ: ಲೋಟ ಬಿಸಿಯಿದೆಯೆ, ಕಾಲಿಗೆ ಮುಳ್ಳು ನೆಟ್ಟಿದೆಯೆ ಎಂಬುದನ್ನು ನೋಡಿಯೇ ತಿಳಿಯಬೇಕು. ಎರಡೂ ಹೋದವನ ಪಾಡು? ನನ್ನ ಗೆಳೆಯನ ಉಳಿದ ಬಲಗಣ್ಣಿಗೆ 2018ರಲ್ಲಿ ಪೊರೆ ಬೆಳೆಯಿತು. ಅಂಗಿಯ ಗುಂಡಿ ಸಿಕ್ಕಿತೋ ಇಲ್ಲವೋ ತಿಳಿಯದೆ ಅರ್ಧ ಗಂಟೆ ಒದ್ದಾಡುತ್ತಿದ್ದನು. ರೂಪಾಯಿಯ ನಾಣ್ಯಕ್ಕೂ ಎರಡು ರೂಪಾಯಿಯ ನಾಣ್ಯಕ್ಕೂ ಭೇದ ತಿಳಿಯದೆ ಅಂಗಡಿಗೆ ಹೋಗುವುದನ್ನು ಬಿಟ್ಟನು. ಹೆಂಡತಿ ಹೊಲಕ್ಕೆ ಹೋದಾಗ ಒಲೆಯ ಬಳಿ ಕುಳಿತಿದ್ದವನ ಪಾದ ಕೆಂಡಕ್ಕೆ ತಾಗಿದುದು ಅವನಿಗೆ ತಿಳಿದದ್ದು ಸುಟ್ಟ ವಾಸನೆಯಿಂದ.

ಉಚಿತ ನೇತ್ರ ಶಿಬಿರವೊಂದಕ್ಕೆ ನಾನೇ ಅವನನ್ನು ಕರೆದೊಯ್ದೆ. ಸಾಲಿನಲ್ಲಿ ಕುಳಿತಿದ್ದಾಗ ಅವನ ಬೆರಳುಗಳನ್ನು ಕಂಡ ಕಾರ್ಯಕರ್ತರೊಬ್ಬರು, ಇವರಿಗೆ ಬೇರೆ ಆಸ್ಪತ್ರೆಗಳಿವೆ, ಅಲ್ಲಿಗೆ ಕರೆದೊಯ್ಯಿರಿ ಎಂದರು. ಅವನು ಚಿಕಿತ್ಸೆ ಮುಗಿಸಿ ಮೂವತ್ತು ವರ್ಷಗಳಾಗಿದ್ದವು. ರೋಗವಿಲ್ಲ, ಉಳಿದಿರುವುದು ಗಾಯದ ಗುರುತು ಎಂದು ನಾನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಕುಷ್ಠರೋಗಿಗಳಲ್ಲಿ ಅಂಧತ್ವಕ್ಕೆ ಇಂದು ಮುಖ್ಯ ಕಾರಣ ಪೊರೆಯೇ ಎಂದೂ, ಉರಿಯೂತ ಶಾಂತವಾಗಿರುವ ಕಣ್ಣಿನಲ್ಲಿ ಅದನ್ನು ಎಲ್ಲರಂತೆಯೇ ತೆಗೆದು ಮಸೂರ ಕೂರಿಸಬಹುದೆಂದೂ ತಿಳಿದದ್ದು ಮುಂದಿನ ವರ್ಷ, ಇನ್ನೊಂದು ಊರಿನ ವೈದ್ಯರು ಹಾಗೆ ಮಾಡಿದ ಮೇಲೆ. ನಮ್ಮ ಸಂಸ್ಥೆಯ ದಾನಿಗಳಲ್ಲಿ ಹಲವರು ನೇತ್ರ ಶಿಬಿರಗಳನ್ನು ನಡೆಸುವ ಪುಣ್ಯವಂತರು. ಅವರ ಶಿಬಿರಗಳಲ್ಲಿ ಇಂತಹವರಿಗೂ ಅದೇ ಸಾಲಿನಲ್ಲಿ ಒಂದು ಮಣೆ ಇರಲಿ ಎಂಬುದು ನನ್ನ ಬಿನ್ನಹ.

ಚಿಕಿತ್ಸೆಯ ಮಾತು. ಪೂರ್ವಕಾಲದಲ್ಲಿ ತುವರಕ ಅಂದರೆ ಗರುಡಫಲದ ಎಣ್ಣೆಯೇ ಗತಿಯಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್‌ಗಳ ಸಂಯುಕ್ತ ಚಿಕಿತ್ಸೆಯನ್ನು ಸೂಚಿಸಿತು. ಅಲ್ಪಸ್ವಲ್ಪ ರೋಗಕ್ಕೆ 6 ತಿಂಗಳು, ಹೆಚ್ಚಿನದಕ್ಕೆ 12 ತಿಂಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧ ಆರಂಭವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಸೋಂಕು ತಗಲುವುದು ನಿಲ್ಲುತ್ತದೆ. ಆದರೆ ಈ ಗುಳಿಗೆಗಳು ರೋಗಾಣುವನ್ನು ಕೊಲ್ಲುತ್ತವೆಯೇ ಹೊರತು ಸತ್ತ ನರವನ್ನು ಬದುಕಿಸಲಾರವು. ರೆಪ್ಪೆ ಸೋಲತೊಡಗಿ 6 ತಿಂಗಳೊಳಗೆ ವೈದ್ಯರ ಬಳಿ ಹೋದರೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಔಷಧವನ್ನು ಮೊದಲು ಹೆಚ್ಚು ಪ್ರಮಾಣದಲ್ಲಿ, ಬಳಿಕ ವಾರಗಟ್ಟಲೆ ಇಳಿಸುತ್ತ ಕೊಡುತ್ತಾರೆ; ಅನೇಕರಲ್ಲಿ ನರ ಚೇತರಿಸಿಕೊಳ್ಳುತ್ತದೆ. ದಸರೆಯಿಂದ ಶಿವರಾತ್ರಿಗೆ ಎಷ್ಟು ತಿಂಗಳೆಂದು ನಾನು ಬೆರಳೆಣಿಸಿ ನೋಡಿದ್ದೇನೆ. ಐದೂ ತುಂಬುವುದಿಲ್ಲ.

ಗಡುವು ಮೀರಿದವರಿಗೂ ಮಾರ್ಗಗಳಿವೆ. ಹಗಲಿನಲ್ಲಿ ಕನ್ನಡಕ, ರಾತ್ರಿ ಕಣ್ಣಿನ ಮೇಲೆ ಶುಭ್ರವಾದ ಬಟ್ಟೆ, ಕೃತಕ ಕಣ್ಣೀರಿನ ಹನಿಗಳು, ದಿನಕ್ಕೆ ಹಲವು ಬಾರಿ ನೆನಪಿಟ್ಟು ಬಿಗಿಯಾಗಿ ಕಣ್ಣು ಮುಚ್ಚುವ ಅಭ್ಯಾಸ, ಬೆಳಿಗ್ಗೆ ಕನ್ನಡಿಯಲ್ಲಿ ಕಣ್ಣನ್ನು ಪರೀಕ್ಷಿಸಿಕೊಳ್ಳುವುದು. ಸಂದು ದೊಡ್ಡದಾಗಿದ್ದರೆ ರೆಪ್ಪೆಗಳ ಹೊರಮೂಲೆಯನ್ನು ಹೊಲಿದು ಕಿರಿದುಗೊಳಿಸುತ್ತಾರೆ. ಇನ್ನೊಂದು ಶಸ್ತ್ರಕ್ರಿಯೆ ವಿಸ್ಮಯಕರವಾದುದು. ಅಗಿಯುವುದಕ್ಕೆಂದು ಕಪೋಲದ ಮೇಲೆ ಕಣತಲೆಯಲ್ಲಿರುವ ಸ್ನಾಯುವಿನ ಒಂದು ಎಳೆಯನ್ನು ತಂದು ರೆಪ್ಪೆಗಳೊಳಗೆ ಹಾಯಿಸುತ್ತಾರೆ. ಆ ಬಳಿಕ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ನಮಗೆ ಅರಿವಿಲ್ಲದೆ ನಡೆಯುವ ಎವೆಯಿಕ್ಕುವಿಕೆಯನ್ನು ಅವರು ದಿನವಿಡೀ ಪ್ರಯತ್ನಪೂರ್ವಕವಾಗಿ ನಡೆಸಬೇಕು.

ಇದೆಲ್ಲ ಮುಗಿದ ಕಥೆಯಲ್ಲವೆ ಎಂದು ಕೇಳುವವರುಂಟು. 2005ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆಯಾಯಿತು. ಸಾರ್ವಜನಿಕ ಆರೋಗ್ಯ ಸಮಸ್ಯೆಯೆಂಬ ನೆಲೆಯಲ್ಲಿ ಅದನ್ನು ನಿರ್ಮೂಲನವೆಂದು ಸಾರಲಾಯಿತು. ‘ನಿರ್ಮೂಲನ’ವೆಂದರೆ ಬೇರು ಸಹಿತ ಕೀಳುವುದು. ಪಂಡಿತನಾದವನು ಇಲ್ಲಿ ತಕರಾರು ತೆಗೆಯಲೇಬೇಕು, ಏಕೆಂದರೆ ಬೇರು ಉಳಿದಿದೆ. 2023ರಲ್ಲಿ ಜಗತ್ತಿನಲ್ಲಿ ಪತ್ತೆಯಾದ 1 ಲಕ್ಷ 82 ಸಾವಿರಕ್ಕೂ ಮಿಕ್ಕಿದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ಕಾನೂನಿನಲ್ಲಂತೂ 1898ರ ಕುಷ್ಠರೋಗಿಗಳ ಕಾಯಿದೆ 2016ರಲ್ಲಿ ರದ್ದಾಯಿತು. ವಿವಾಹ ವಿಚ್ಛೇದನಕ್ಕೆ ಈ ರೋಗವು ಕಾರಣವಾಗಬಹುದೆಂಬ ವಿಧಿಯನ್ನು 2019ರಲ್ಲಿ ತೆಗೆದುಹಾಕಲಾಯಿತು.

ಶಿಕ್ಷಕ ಬಂಧುಗಳು ಗಮನಿಸಬೇಕಾದುದು ಬಹಳವಿಲ್ಲ. ಮಗುವಿನ ಮುಖದ ಮೇಲೆ ಮೈಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆ ಇದ್ದರೆ ಸರ್ಕಾರಿ ವೈದ್ಯರಿಗೆ ತೋರಿಸಬೇಕು. ಕೈಕಾಲಿನ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿರುವುದೇ ಕುರುಹು. ಆದರೆ ಮುಖದಲ್ಲಿ ನರಗಳು ದಟ್ಟವಾಗಿರುವುದರಿಂದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು, ಆದ್ದರಿಂದ ಇದು ಆ ರೋಗವಲ್ಲವೆಂದು ನಾವೇ ತೀರ್ಮಾನಿಸಬಾರದು. ನಿದ್ರಿಸುವವರಂತೆ ಹಗುರವಾಗಿ ಕಣ್ಣು ಮುಚ್ಚು ಎಂದು ಹೇಳಿ, ರೆಪ್ಪೆಗಳ ನಡುವೆ ಸಂದು ಉಳಿಯುವುದೇ ನೋಡಬೇಕು. ಆರು ಮೀಟರ್ ದೂರದಿಂದ ಬೆರಳು ತೋರಿಸಿ ಒಂದೊಂದೇ ಕಣ್ಣಿನಿಂದ ಎಣಿಸಲು ಹೇಳಬೇಕು. ಕಣ್ಣನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವುದು ಬೇಡ, ಅದು ವೈದ್ಯರ ಕೆಲಸ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ ರಾತ್ರಿಯ ಸುತ್ತಿನಲ್ಲಿ ಈ ಪರೀಕ್ಷೆ ತಾನಾಗಿಯೇ ಆಗುತ್ತದೆ. ಮನೆಯಲ್ಲಿ ಒಬ್ಬರಿಗೆ ರೋಗ ಪತ್ತೆಯಾದರೆ ಜೊತೆಯಲ್ಲಿರುವವರನ್ನು ಪರೀಕ್ಷಿಸಿ ರಿಫಾಂಪಿಸಿನ್ನಿನ ಒಂದು ಮಾತ್ರೆಯನ್ನು ತಡೆಮದ್ದಾಗಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2018ರಿಂದ ಸೂಚಿಸಿದೆ.

ಗೆಳೆಯನ ಬಲಗಣ್ಣಿಗೆ ಈಗ ಕನ್ನಡಕವಿದೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾನೆ. ಹೆಸರು ಹಾಕದೆ ಬರೆಯುವುದಾದರೆ ಬರೆ ಎಂದು ಅನುಮತಿ ಕೊಟ್ಟವನೂ ಅವನೇ. ಈ ಲೇಖನದ ಕರಡನ್ನು ಅವನಿಗೆ ತೋರಿಸಿದಾಗ, ಕಣದ ಪ್ರಸಂಗದಲ್ಲಿ ನಾನು ಸಜ್ಜೆಯ ರಾಶಿ ಎಂದು ಬರೆದಿದ್ದುದನ್ನು, ಶಿವರಾತ್ರಿಗೆ ಸಜ್ಜೆ ಎಲ್ಲಿಂದ ಬಂತೋ ಪಂಡಿತ ಎಂದು ನಕ್ಕು, ಬಿಳಿಜೋಳವೆಂದು ತಿದ್ದಿಕೊಟ್ಟನು.